ಸ್ಕೇಲಿಗೆ ಒರಗಿಸಿ ಕೌದಿ ಹೊಲಿಗೆ: ನನ್ನ ಅನುಭವ

ಮನೆಯ ಹೊಲಿಗೆ ಮೆಷಿನ್‌ನಲ್ಲೇ ಕೌದಿಯ ಮೇಲೆ ನೇರ ಗೆರೆ, ಕಮಾನು, ಎಸಳು ಇವೆಲ್ಲ ಅಚ್ಚುಕಟ್ಟಾಗಿ ಬರಬೇಕೆಂದರೆ ನಾನು ನೆಚ್ಚಿಕೊಂಡಿರುವುದು ಅಕ್ರಿಲಿಕ್ ಸ್ಕೇಲನ್ನು. ಬಟ್ಟೆಯ ಮೇಲೆ ಸ್ಕೇಲ್ ಇಟ್ಟು, ಅದರ ಅಂಚಿಗೆ ಮೆಷಿನ್‌ನ ಫುಟ್ (ಸೂಜಿಯ ಬುಡದಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಒರಗಿಸಿಕೊಂಡು ಹೊಲಿಯುತ್ತಾ ಹೋಗುವುದು. ಚಾಕ್‌ನಲ್ಲಿ ಗೆರೆ ಎಳೆಯುವ ಕೆಲಸ ಬಹುಪಾಲು ತಪ್ಪುತ್ತದೆ.

ಇದಕ್ಕೆ ರೂಲರ್ ಫುಟ್ ಬೇಕೇ ಬೇಕು. ಸೂಜಿಯ ಸುತ್ತ ದುಂಡಗೆ ದಪ್ಪ, ಎತ್ತರದ ಅಂಚಿರುತ್ತದೆ; ಸೂಜಿಯಿಂದ ಆ ಅಂಚಿಗೆ ಎಲ್ಲ ಕಡೆಯೂ ಕಾಲು ಇಂಚು. ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಹಿಡಿದು ಮಾತ್ರ ಕೂರಬೇಡಿ. ತೆಳು ಸ್ಕೇಲ್ ಫುಟ್ ಅಡಿಗೆ ನುಸುಳಿದರೆ ಸೂಜಿ ಅದಕ್ಕೆ ಬಡಿದು ಮುರಿಯುತ್ತದೆ, ಚೂರು ಕಣ್ಣಿಗೂ ಸಿಡಿಯಬಹುದು. ಫುಟ್ ಕೂರಿಸುವ ಜಾಗ ತಗ್ಗಿನಲ್ಲಿರುವ ಲೋ ಶ್ಯಾಂಕ್ ಮೆಷಿನ್‌ಗೆ 3 ಮಿ.ಮೀ. ದಪ್ಪದ ಸ್ಕೇಲ್, ಅದು ಎತ್ತರದಲ್ಲಿರುವ ಹೈ ಶ್ಯಾಂಕ್‌ಗೆ 6 ಮಿ.ಮೀ. ದಪ್ಪದ್ದು ಹೊಂದುತ್ತದೆ. ನನ್ನ ಸ್ಕೇಲುಗಳನ್ನು ನೇಮ್‌ಬೋರ್ಡ್ ಮಾಡುವ ಅಂಗಡಿಯಲ್ಲಿ ಪಾರದರ್ಶಕ ಅಕ್ರಿಲಿಕ್ ಹಾಳೆಯಿಂದ ಲೇಸರ್‌ನಲ್ಲಿ ಕತ್ತರಿಸಿಕೊಂಡೆ. ಕಾಲು ಇಂಚಿಗೊಂದು ಗೆರೆಯನ್ನೂ ಕೊರೆಸಿದ್ದೇನೆ, ಸಾಲಿನಿಂದ ಸಾಲಿಗೆ ಅಂತರ ಹಿಡಿಯುವುದು ಅದರಿಂದಲೇ. ಜಾರದಿರಲೆಂದು ಹಿಂಬದಿಗೆ ಸಣ್ಣ ಸಣ್ಣ ಉಜ್ಜುಕಾಗದದ ಚೂರು ಅಂಟಿಸಿದೆ.

ಹೊಲಿಯುವಾಗ ಫುಟ್ ಅಡಿಯಲ್ಲಿ ಬಟ್ಟೆಯನ್ನು ಎಳೆದುಕೊಳ್ಳುವ ಮೆಷಿನ್‌ನ ಹಲ್ಲು ಕೆಳಗಿಳಿಸಿರಬೇಕು. ಆಗ ಬಟ್ಟೆಯನ್ನು ಸರಿಸುವುದು ಮೆಷಿನ್ ಅಲ್ಲ, ನಮ್ಮ ಕೈ. ಟಾಕಿನ ಉದ್ದವೂ ಕೈಯ ವೇಗದ ಮೇಲೆಯೇ. ಇಂಚಿಗೆ ಎಂಟು-ಹತ್ತು ಟಾಕು ಬಂದರೆ ಕಣ್ಣಿಗೆ ಹಿತ. 14ನೇ ನಂಬರ್ ಸೂಜಿ, ಕಾಟನ್ ದಾರ. ಮೊದಲ ಟಾಕಿಗೇ ಬಾಬಿನ್ ದಾರವನ್ನು ಮೇಲಕ್ಕೆ ಎಳೆದುಕೊಂಡರೆ ಕೆಳಗೆ ಗಂಟು ಕಟ್ಟುವುದಿಲ್ಲ.

ಕಲಿಯಬೇಕಾದದ್ದು ಇರುವುದು ಎಡಗೈಯಲ್ಲಿ. ದೊಡ್ಡ ಲಾಂಗ್‌ಆರ್ಮ್ ಮೆಷಿನ್‌ನಲ್ಲಿ ಬಟ್ಟೆ, ಸ್ಕೇಲ್ ಎರಡೂ ನಿಂತಲ್ಲೇ ನಿಂತು ಮೆಷಿನ್ ಓಡಾಡುತ್ತದೆ. ನಮ್ಮಲ್ಲಿ ಉಲ್ಟಾ: ಸೂಜಿ ನಿಂತಲ್ಲೇ ಇರುತ್ತದೆ, ಸ್ಕೇಲ್ ಬಟ್ಟೆಗೆ ಅಂಟಿದಂತೆ ಅದರ ಜೊತೆಗೇ ಸರಿಯಬೇಕು. ಬೆರಳು ಅಗಲಿಸಿ, ಫುಟ್ ಪಕ್ಕಕ್ಕೆ ನೇರವಾಗಿ ಬರುವಷ್ಟು ಜಾಗದಲ್ಲಿ ಮಾತ್ರ ಸ್ಕೇಲನ್ನು ಬಟ್ಟೆಗೆ ಒತ್ತುತ್ತೇನೆ. ಫುಟ್ ಕಡೆಗೆ ಬರೀ ತಾಗಿಸಿದರೆ ಸಾಕು; ಜೋರಾಗಿ ದೂಡಿದರೆ ಗೆರೆ ಡೊಂಕಾಗುತ್ತದೆ. ಕೈ ಸ್ಕೇಲಿನ ತುದಿಗೆ ಬಂತೆಂದರೆ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಿ, ಕೈ ಬದಲಿಸಿ ಮುಂದುವರಿಸುತ್ತೇನೆ. ಸ್ಕೇಲ್ ತೆಗೆಯದೆ ಫುಟ್ ಎತ್ತುವುದಿಲ್ಲ.

ಕಮಾನು, ವೃತ್ತಕ್ಕೆ ಬಂದರೆ ಸೂಜಿಯಿಂದ ಫುಟ್ ಅಂಚಿಗಿರುವ ಆ ಕಾಲು ಇಂಚನ್ನು ಲೆಕ್ಕದಲ್ಲಿಡಲೇಬೇಕು. ನಾಲ್ಕು ಇಂಚಿನ ದುಂಡು ಅಕ್ರಿಲಿಕ್ ಬಿಲ್ಲೆಯ ಹೊರಸುತ್ತು ಹೊಲಿದರೆ ನಾಲ್ಕೂವರೆ ಇಂಚಿನ ವೃತ್ತ ಬರುತ್ತದೆ. ನಾಲ್ಕು ಇಂಚಿನ ರಂಧ್ರದ ಒಳಸುತ್ತು ಹೊಲಿದರೆ ಮೂರೂವರೆ. ಚೌಕದ ಮೂಲೆಯಿಂದ ಮೂಲೆಗೆ ಎಸಳು ಬರಬೇಕಾದರೆ ಸ್ಕೇಲಿನ ಅಂಚು ಮೂಲೆಯಿಂದ ಕಾಲು ಇಂಚು ಸರಿದು ಕೂರಬೇಕು. ಬಟ್ಟೆ ಜೋಡಿಸಿದ ಗೆರೆಯೊಳಗೇ ಹೊಲಿಗೆ ಬೀಳಿಸುವುದಕ್ಕೂ ಇದೇ ಲೆಕ್ಕ.

ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಕವಂದಿಯನ್ನು, ಅಂದರೆ ತಮ್ಮ ಕೈಹೊಲಿಗೆಯ ಕೌದಿಯನ್ನು, ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಸ್ಕೇಲಿನ ಹಂಗಿಲ್ಲದೆ ಆ ಸಾಲುಗಳು ಬರುವುದನ್ನು ನೋಡಿದರೆ ನನಗೆ ಇಂದಿಗೂ ಕೈ ಮುಗಿಯಬೇಕೆನಿಸುತ್ತದೆ. ಅವರು ತುಂಡುಗಳನ್ನು ಇಡುತ್ತಾ, ಅಂಚು ಮಡಚುತ್ತಾ ಹೊಲಿಯುವುದರಿಂದ ಆ ಕ್ರಮ ಅಲ್ಲಿ ಹೊಂದುತ್ತದೆ. ಮೊದಲೇ ಜೋಡಿಸಿದ ಬಟ್ಟೆಯನ್ನು ಮೆಷಿನ್‌ಗೆ ಕೊಡುವಾಗ ಅಂಚಿನಿಂದ ಶುರುಮಾಡಿದರೆ ಸಡಿಲ ಬಟ್ಟೆಯೆಲ್ಲ ನಡುವೆ ಬಂದು ಗುಪ್ಪೆಯಾಗುತ್ತದೆ. ಹಾಗಾಗಿ ಮೇಲ್ಬಟ್ಟೆ, ಒಳಗಿನ ಹತ್ತಿ, ಅಸ್ತರು ಈ ಮೂರೂ ಪದರಕ್ಕೆ ಕಚ್ಚಾ ಹೊಲಿಗೆ ಹಾಕಿ, ನಡುವಿನಿಂದ ಹೊರಗೆ ಬರುತ್ತೇನೆ.

ಕೌದಿಯ ಅಂಚಿನ ಹತ್ತಿರ ಸ್ಕೇಲ್ ಒಂದು ಬದಿಗೆ ವಾಲುತ್ತದೆ, ಏಕೆಂದರೆ ಆ ಕಡೆ ಅಡಿಯಲ್ಲಿ ಹತ್ತಿಯೇ ಇರುವುದಿಲ್ಲ. ಅದಕ್ಕೇ ಒಳಗಿನ ಹತ್ತಿ ಪದರವನ್ನೂ ಅಸ್ತರನ್ನೂ ಸುತ್ತಲೂ ಮೂರು-ನಾಲ್ಕು ಇಂಚು ಹೆಚ್ಚಿಗೆ ಬಿಟ್ಟಿರುತ್ತೇನೆ. ಅಷ್ಟು ಬಟ್ಟೆ ಸಾಲದಿದ್ದರೆ ಕೌದಿಯಷ್ಟೇ ದಪ್ಪದ ಚೂರನ್ನು ಅಂಚಿಗೆ ತಾಗಿಸಿ ಸ್ಕೇಲಿನ ಅಡಿಗೆ ಕೊಟ್ಟರೂ ನಡೆಯುತ್ತದೆ.