ಕೋಲಾರದ ಬೋರಿಂಗು ಕೆಲಸ, ಉಗಾಂಡಾದ ಕುಮಿಯಲ್ಲಿ

ಕೋಲಾರ ಜಿಲ್ಲೆಯಲ್ಲಿ ನಾನು ಇಪ್ಪತ್ತೆರಡು ವರ್ಷ ಬೋರಿಂಗು ರಿಪೇರಿ ಮಾಡಿದವನು. ಊರೂರಿಗೆ ಹೋಗಿ ಕೈಪಂಪಿನ ಪೈಪು ಎತ್ತುವುದು, ವಾಷರ್ ಬದಲಿಸುವುದು, ಚೈನಿಗೆ ಗ್ರೀಸ್ ಹಚ್ಚುವುದು. ನಮ್ಮ ಮನೆ ನಡೆದದ್ದು ಅದರಿಂದಲೇ. ಆಮೇಲೆ ನಮ್ಮ ಕಡೆ ನೀರು ಸಾವಿರ ಅಡಿ ದಾಟಿ ಕೆಳಗೆ ಹೋಯಿತು. ಕೈಪಂಪು ಚೆನ್ನಾಗಿ ನಡೆಯುವುದು ನೂರೈವತ್ತು ಅಡಿಯ ತನಕ. ಅದರ ಕೆಳಗಿನ ನೀರಿಗೆ ಮೋಟಾರೇ ಬೇಕು. ಬೀದಿಯ ಪಂಪುಗಳು ಒಂದೊಂದಾಗಿ ಒಣಗಿ ನಿಂತವು. ನನ್ನ ಸ್ಪ್ಯಾನರುಗಳು ಮೂಟೆಯಲ್ಲಿ ಕೂತವು.

2023ರ ಕ್ರಿಸ್‌ಮಸ್ ಹತ್ತಿರ ಬಂದಾಗ ನಮ್ಮ ಸಭೆಯ, ಅಂದರೆ ಚರ್ಚಿನ, ಅಯ್ಯನವರು ಕರೆದು ಕೇಳಿದರು: “ಬೆಂಗಳೂರಿನ ಒಂದು ಸಭೆಯವರು ಎರಡು ವಾರ ಸೇವೆಗೆ ಅಂತ ಉಗಾಂಡಾಕ್ಕೆ ಹೋಗ್ತಿದ್ದಾರೆ. ಬೋರಿಂಗು ಗೊತ್ತಿರೋರು ಬೇಕಂತೆ. ನೀವು ಹೋಗ್ತೀರಾ?” ಅವರ ಫೋನಿನಲ್ಲಿ ಅಲ್ಲಿನ ಪಂಪಿನ ಫೋಟೋ ಇತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು. ಅದೇ ತಲೆ, ಅದೇ ಹಿಡಿ, ಅದೇ ಮೂರು ಕಾಲು. ನಮ್ಮ ಇಂಡಿಯಾ ಮಾರ್ಕ್ 2. ಅಲ್ಲಿ ಅದಕ್ಕೆ ಯು2 ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಈ ಪಂಪಿನ ಮೂಲದಲ್ಲೂ ಮಿಶನ್ ಕೆಲಸ ಇದೆ. ಹಳೇ ಕಾಲದ ಎರಕದ ಪಂಪುಗಳು ಒಂದು ಮನೆಯ ಬಳಕೆಗೆ ಆಗುವಂಥವು. ಇಡೀ ಊರು ಹೊಡೆದರೆ ಮುರಿಯುತ್ತಿದ್ದವು. ಮಹಾರಾಷ್ಟ್ರದ ಜಾಲ್ನಾ ಮತ್ತು ಸೊಲ್ಲಾಪುರದಲ್ಲಿ ಬಾವಿ ಕೆಲಸ ಮಾಡುತ್ತಿದ್ದ ಮಿಶನ್ನಿನವರು ಗಟ್ಟಿ ಪಂಪು ಕಟ್ಟಿದರು. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಅದೇ ಬೆಳೆದು ಮಾರ್ಕ್ 2 ಆಯಿತು. ಅಲ್ಲಿಂದ ಆಫ್ರಿಕಾಕ್ಕೂ ಹೋಯಿತು. ಇಷ್ಟು ವರ್ಷ ಕೈಯಲ್ಲಿ ಹಿಡಿದಿದ್ದರೂ ಈ ಕಥೆ ನನಗೆ ಗೊತ್ತಾದದ್ದು ಹೊರಡುವ ಮುಂಚೆ.

ತಯಾರಿಯಲ್ಲಿ ಮೊದಲ ಕೆಲಸ ಹಳದಿ ಜ್ವರದ ಲಸಿಕೆ. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು. ಅವರು ಕೊಡುವ ಹಳದಿ ಕಾರ್ಡಿಗೆ ಬೆಲೆ ಬರುವುದು ಹತ್ತು ದಿನ ಕಳೆದ ಮೇಲೆ. ಕೊನೇ ವಾರದಲ್ಲಿ ಓಡಾಡಿದರೆ ಆಗದು. ಕಾರ್ಡು ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಆರು ದಿನ ಪ್ರತ್ಯೇಕ ಇಡಬಹುದು. ಮಲೇರಿಯಾಕ್ಕೆ ಡಾಕ್ಟರು ನನಗೆ ಬರೆದದ್ದು ಡಾಕ್ಸಿಸೈಕ್ಲಿನ್. ದಿನಕ್ಕೊಂದು ಮಾತ್ರೆ. ಊರಿಗೆ ಬಂದ ಮೇಲೂ ನಾಲ್ಕು ವಾರ ಬಿಡದೆ ತಗೋಬೇಕು. ವೀಸಾ ಆನ್‌ಲೈನಿನಲ್ಲೇ ಆಯಿತು. ಯಾವ ಬಗೆಯ ವೀಸಾ ಅನ್ನುವುದನ್ನು ಕರೆಯುವ ಸಭೆಯವರನ್ನೇ ಕೇಳಿ ಹಾಕಿದೆವು.

ಸಾಮಾನಿನ ವಿಷಯಕ್ಕೆ ನಮ್ಮ ತಂಡದಲ್ಲಿ ವಾದವೇ ಆಯಿತು. ಪಂಪಿನ ಬಿಡಿಭಾಗಗಳನ್ನು ಇಲ್ಲಿಂದಲೇ ಒಯ್ಯೋಣ, ಅಗ್ಗ ಅಂತ ಕೆಲವರು. ನಾನು ಒಪ್ಪಲಿಲ್ಲ. ನಾವು ಹೋದ ಮೇಲೆ ಆ ವಾಷರ್ ಹರಿದರೆ ಅವರು ಎಲ್ಲಿ ಹುಡುಕಬೇಕು? ಅಲ್ಲಿನ ಅಂಗಡಿಯಲ್ಲಿ ಸಿಗುವುದನ್ನೇ ಹಾಕಬೇಕು. ಕೊನೆಗೆ ಹಣ ಒಯ್ದು ಎಂಬಾಲೆ ಪಟ್ಟಣದಲ್ಲಿ ಕೊಂಡೆವು. ನಾನು ಒಯ್ದದ್ದು ನನ್ನ ಪೈಪ್ ಕ್ಲಾಂಪು, ಸ್ಪ್ಯಾನರುಗಳು, ಒಂದು ಟೇಪು.

ಬೆಂಗಳೂರಿನಿಂದ ಆಡಿಸ್ ಅಬಾಬಾ, ಅಲ್ಲಿಂದ ಎಂಟೆಬೆ. ಆಮೇಲೆ ಇಡೀ ದಿನ ರಸ್ತೆ. ಜಿಂಜಾದಲ್ಲಿ ನೈಲ್ ನದಿ ದಾಟಿದೆವು. ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು 1948ರಲ್ಲಿ ಬಿಟ್ಟದ್ದು ಅಲ್ಲೇ. ಎಂಬಾಲೆ ದಾಟಿ ಕುಮಿ ಹತ್ತಿರ ಬಂದಾಗ ಬಯಲಿನ ನಡುವೆ ಬೋಳು ಬಂಡೆಗುಡ್ಡಗಳು ಎದ್ದು ಕಂಡವು. ನಮ್ಮ ಕೋಲಾರದ ಬೆಟ್ಟಗಳ ಹಾಗೇ. ಫೆಬ್ರವರಿ, ಬೇಸಗೆ, ಕೆಂಪು ಧೂಳು.

ಮೊದಲ ಪಂಪು ಒಂದು ಶಾಲೆಯ ಪಕ್ಕ, ಮಾವಿನ ಮರದ ಕೆಳಗಿತ್ತು. ಹಳದಿ ಕ್ಯಾನುಗಳ ಸಾಲು ನೆರಳು ದಾಟಿ ಬಿಸಿಲಿನ ತನಕ ಹೋಗಿತ್ತು. ಒಂದೊಂದೂ 20 ಲೀಟರಿನದು. ನಾನು ಹಿಡಿ ಹೊಡೆದೆ. ಮೂವತ್ತು ಸಲ ಹೊಡೆದರೂ ನೀರಿಲ್ಲ. ಮೂವತ್ತೈದಕ್ಕೆ ಬಂತು. ಬಂದದ್ದು ಟೀ ಬಣ್ಣದ ನೀರು.

ಪರೀಕ್ಷೆ ಸುಲಭ. ಪಂಪನ್ನು ಅರ್ಧ ಗಂಟೆ ಸುಮ್ನೆ ಬಿಡಬೇಕು. ಆಮೇಲೆ ಐದು ಹೊಡೆತದೊಳಗೆ ನೀರು ಬಂದರೆ ಒಳಗೆ ಸರಿ ಇದೆ. ಜಾಸ್ತಿ ಹೊಡೆಯಬೇಕಾದರೆ ಪೈಪಿನಲ್ಲೋ ಅಡಿಯ ವಾಲ್ವಿನಲ್ಲೋ ಸೋರಿಕೆ. ಇಲ್ಲಿ ಸೋರಿಕೆ ಇತ್ತು. ಪೈಪು ಎತ್ತಲೇಬೇಕು.

ಆ ಭಾಗಕ್ಕೆ ಒಬ್ಬ ಮೆಕಾನಿಕ್ ಇದ್ದರು. ನನಗಿಂತ ಚಿಕ್ಕವರು, ಸೈಕಲ್ಲಿನಲ್ಲಿ ಪೈಪು ಕಟ್ಟಿಕೊಂಡು ಹಳ್ಳಿ ಸುತ್ತುವವರು. ಅವರು ಪೈಪನ್ನು ಬೆರಳಿನಿಂದ ತಟ್ಟಿ ನೋಡಿ ಹೇಳಿದರು: “ಬ್ರದರ್, ನಿಧಾನ. ಇದರ ಥ್ರೆಡ್ ತಿಂದುಹೋಗಿದೆ. ಮೊದಲು ಹಗ್ಗ ಕಟ್ಟೋಣ.” ನಾನು ಕೇಳಲಿಲ್ಲ. ಇಂಥ ನೂರಾರು ಪಂಪು ಬಿಚ್ಚಿದ್ದೇನೆ ಅನ್ನುವ ಧೈರ್ಯ. ಏಳು ಪೈಪು ಚೆನ್ನಾಗಿ ಬಂದವು. ಎಂಟನೆಯದನ್ನು ಎತ್ತುವಾಗ ಅದರ ಕೆಳಗಿನ ಜೋಡಣೆ ಕಳಚಿತು. ಆ ಭಾರಕ್ಕೆ ಒಳಗಿನ ರಾಡೂ ತುಂಡಾಯಿತು. ಉಳಿದ ಮೂರು ಪೈಪು ಸಿಲಿಂಡರ್ ಸಮೇತ ಕೆಳಕ್ಕೆ ಹೋದವು. ಸದ್ದು ಕೇಳಿ ಸಾಲಿನಲ್ಲಿದ್ದ ಹೆಂಗಸರೆಲ್ಲ ಎದ್ದು ನಿಂತರು. ಯಾರೂ ಒಂದು ಮಾತು ಆಡಲಿಲ್ಲ. ಅದೇ ನನಗೆ ಜಾಸ್ತಿ ನೋವು. ಅರೆಬರೆ ಬರುತ್ತಿದ್ದ ನೀರನ್ನೂ ನಾನು ನಿಲ್ಲಿಸಿಬಿಟ್ಟಿದ್ದೆ.

ಮೆಕಾನಿಕ್ ಸೈಕಲ್ ಹತ್ತಿ ಹೋದರು. ಸಂಜೆ ಹೊತ್ತಿಗೆ ಕೈಯಲ್ಲಿ ಒಂದು ಕಬ್ಬಿಣದ ಕೊಕ್ಕೆ ಹಿಡಿದು ಬಂದರು. ಕಾಂಕ್ರೀಟಿಗೆ ಹಾಕುವ ಸರಳನ್ನು ಬಗ್ಗಿಸಿ ವೆಲ್ಡಿಂಗ್ ಮಾಡಿದ್ದು. ನಮ್ಮ ಹಳೇ ಬಾವಿಗಳಲ್ಲಿ ಬಿದ್ದ ಕೊಡ ತೆಗೆಯೋಕೆ ಪಾತಾಳಗರಡಿ ಇರುತ್ತಿತ್ತಲ್ಲ, ಅದರ ತಮ್ಮನ ಹಾಗೆ. ಅದನ್ನು ಹಗ್ಗದಲ್ಲಿ ಇಳಿಬಿಟ್ಟು, ಕಣ್ಣು ಮುಚ್ಚಿ, ಬೆರಳಿನಲ್ಲೇ ಕೆಳಗಿನದನ್ನು ಹುಡುಕಿದರು. ಕೊಕ್ಕೆ ಸಾಕೆಟ್ಟಿನ ಅಡಿಗೆ ಸಿಕ್ಕಿಕೊಂಡದ್ದು ಅವರಿಗೆ ಗೊತ್ತಾಯಿತು, ನನಗೆ ಗೊತ್ತಾಗಲಿಲ್ಲ. ಎಂಟು ಜನ ಸೇರಿ ಎಳೆದೆವು. ಕತ್ತಲಾಗುವ ಮುಂಚೆ ಎಲ್ಲಾ ಮೇಲೆ ಬಂತು. ನಾನು ಅವರ ಕೈ ಹಿಡಿದು ಕ್ಷಮೆ ಕೇಳಿದೆ. ಮರುದಿನದಿಂದ ಕೆಲಸ ಅವರದು, ನಾನು ಅವರ ಕೈಯಾಳು.

ಪೈಪು ನೋಡಿದರೆ ಜರಡಿ. ಆ ಕಡೆ ಎಷ್ಟೋ ಜಾಗದಲ್ಲಿ ಅಂತರ್ಜಲ ಸ್ವಲ್ಪ ಆಮ್ಲದ್ದು. ಪಿಎಚ್ 6.5ಕ್ಕಿಂತ ಕಡಿಮೆ ಇದ್ದರೆ ಜಿ.ಐ. ಪೈಪಿನ (ಸತು ಲೇಪಿಸಿದ ಕಬ್ಬಿಣದ ಪೈಪು) ಸತು ಬೇಗ ಕರಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ನೀರು ಕೆಂಪಾಗುತ್ತದೆ. ಬಟ್ಟೆ ಕಲೆಯಾಗುತ್ತದೆ, ಅಡುಗೆಗೆ ಕಬ್ಬಿಣದ ವಾಸನೆ. ಪಂಪು ಇದ್ದರೂ ಎಷ್ಟೋ ಮನೆಯವರು ಜೌಗಿನ ಹೊಂಡದ ನೀರಿಗೆ ಹೋಗುತ್ತಿದ್ದದ್ದು ಇದಕ್ಕೇ. ಉಗಾಂಡಾ ಸರ್ಕಾರವೂ ಕೈಪಂಪಿಗೆ ಜಿ.ಐ. ಪೈಪು ಬೇಡ ಅಂದಿದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ಹಣ ಜಾಸ್ತಿ. ಹತ್ತು ಪಂಪು ಮಾಡುತ್ತೇವೆ ಅಂತ ಹೊರಟಿದ್ದೆವು. ಸ್ಟೀಲ್ ಹಾಕಿದ್ದಕ್ಕೆ ನಾಲ್ಕು ಮಾತ್ರ ಆದವು. ನಮ್ಮ ತಂಡದಲ್ಲಿ ಕೆಲವರಿಗೆ ಬೇಜಾರಾಯಿತು, ಊರಿಗೆ ಹೋಗಿ ಲೆಕ್ಕ ಹೇಳಬೇಕಲ್ವಾ. ನಾನು ಈಗಲೂ ಹೇಳುತ್ತೇನೆ, ನಾಲ್ಕೇ ಸರಿ. ಮತ್ತೆ ತುಕ್ಕು ಹಿಡಿಯುವ ಹತ್ತು ಪಂಪು ಮಾಡಿದ್ದರೆ ಆ ಹೆಂಗಸರು ಮತ್ತೆ ಹೊಂಡಕ್ಕೇ ಹೋಗುತ್ತಿದ್ದರು.

ಪ್ರತಿ ಪಂಪಿಗೂ ಒಂದು ನೀರಿನ ಕಮಿಟಿ ಇದೆ. ಮೊದಲ ಪಂಪಿನ ಖಜಾಂಚಿ ಒಬ್ಬ ವಯಸ್ಸಾದ ತಾಯಿ. ಎಲ್ಲರೂ ಅವರನ್ನು ತೊತೊ ಅಂತ ಕರೆಯುತ್ತಿದ್ದರು. ಅಲ್ಲಿನ ಅಟೆಸೊ ಭಾಷೆಯಲ್ಲಿ ಅಮ್ಮ ಅಂತ. ಮನೆಗೆ ತಿಂಗಳಿಗೆ 1,000 ಶಿಲ್ಲಿಂಗ್, ಅಂದರೆ ಆಗಿನ ಲೆಕ್ಕದಲ್ಲಿ ನಮ್ಮ ಇಪ್ಪತ್ತೆರಡು ರೂಪಾಯಿ ಹತ್ತಿರ. ಯಾರು ಕೊಟ್ಟರು, ಯಾರು ಕೊಟ್ಟಿಲ್ಲ ಅನ್ನುವುದೆಲ್ಲ ಒಂದು ಶಾಲೆ ನೋಟ್‌ಬುಕ್ಕಿನಲ್ಲಿ. 17-19 ಸ್ಪ್ಯಾನರ್ ಅವರ ಕೈಗೆ ಕೊಟ್ಟು ಬೋಲ್ಟು ಬಿಗಿ ಮಾಡುವುದು, ಮುಚ್ಚಳ ತೆಗೆದು ಚೈನಿಗೆ ಗ್ರೀಸ್ ಹಚ್ಚುವುದು ತೋರಿಸಿದೆವು. ಎರಡನೇ ಸಲ ಅವರೇ ಮಾಡಿದರು. ಮೂರನೇ ಸಲ ಪಕ್ಕದ ಹುಡುಗಿಗೆ ಹೇಳಿಕೊಟ್ಟರು.

ಅವರ ಮನೆಯಲ್ಲೇ ನಮಗೆ ಊಟ. ಚೊಂಬಿನಿಂದ ಕೈಗೆ ನೀರು ಹಾಕಿ ಮುಂದೆ ತಂದಿಟ್ಟದ್ದು ನೋಡಿ ನನಗೆ ಗಂಟಲು ಕಟ್ಟಿತು. ಮುದ್ದೆ! ರಾಗಿ ಮುದ್ದೆ. ಅವರು ಅದಕ್ಕೆ ಅಟಪ್ ಅನ್ನುತ್ತಾರೆ. ರಾಗಿಯ ಜೊತೆ ಸ್ವಲ್ಪ ಮರಗೆಣಸಿನ ಹಿಟ್ಟು ಸೇರುತ್ತದೆ, ಅದಕ್ಕೆ ಇನ್ನೂ ಜಿಗುಟು. ಜೊತೆಗೆ ಅಲಸಂದೆ ಸೊಪ್ಪಿಗೆ ಕಡ್ಲೆಕಾಯಿ ಅರೆದು ಹಾಕಿದ ಸಾರು. ನಾನು ಮುರಿದು, ಅದ್ದಿ, ನುಂಗಿದೆ. ಮನೆಯವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. “ನಿಮಗೆ ಇದು ಹೇಗೆ ಗೊತ್ತು?” ಅಂತ ಕೇಳಿದರು. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲೇ, ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದದ್ದು ಅಂತ ನಮ್ಮ ತಂಡದ ಟೀಚರ್ ವಿವರಿಸಿದರು. ನೀವು ಕೊಟ್ಟ ಕಾಳಿನಲ್ಲೇ ನಾವು ಬೆಳೆದವರು ಅಂತ ನಾನು ಹೇಳಿದೆ. ಬಾಯಿಮಾತಿಗೆ ಹೇಳಿದ್ದಲ್ಲ.

ಭಾನುವಾರದ ಆರಾಧನೆ ಮೂರು ಗಂಟೆ ನಡೆಯಿತು. ಕಾಣಿಕೆಗೆ ಹಣ ಇಲ್ಲದವರು ಕೋಳಿ, ಮರಗೆಣಸು, ಮೊಟ್ಟೆ ತಂದಿದ್ದರು. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಹರಾಜು ಹಾಕಿದರು. ನಮ್ಮ ಸಭೆಯ ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ ಕೂಗುತ್ತಾರಲ್ಲ, ಹಾಗೇ.

ಹೋಗಬೇಕು ಅಂತಿರುವವರಿಗೆ ಒಂದು ಮಾತು. ಕೈಯಲ್ಲಿ ಒಂದು ಕಸುಬು ಇದ್ದರೆ ಹೋಗಿ, ಮತ್ತು ಅದೇ ಕಸುಬಿನ ಅಲ್ಲಿನವರು ಯಾರು ಅಂತ ಹೊರಡುವ ಮೊದಲೇ ಕೇಳಿ. ಅವರ ಜೊತೆ ಫೋನಿನಲ್ಲಿ ಮಾತಾಡಿ. ನಾನು ಹಾಗೆ ಮಾಡಿದ್ದರೆ ಆ ಮೂರು ಪೈಪು ಬೀಳುತ್ತಿರಲಿಲ್ಲ. ಮಕ್ಕಳ ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ. ಚಾಕಲೇಟ್ ಹಂಚಬೇಡಿ, ಅದಕ್ಕಾಗಿ ಮಕ್ಕಳು ಶಾಲೆ ಬಿಟ್ಟು ಓಡಿಬರುತ್ತಾರೆ. ಹೊರಡುವಾಗ ನನ್ನ ಕ್ಲಾಂಪು ಮತ್ತು ಸ್ಪ್ಯಾನರುಗಳನ್ನು ಮೆಕಾನಿಕ್ಕಿಗೇ ಕೊಟ್ಟು ಬಂದೆ. ಅವರ ಕೊಕ್ಕೆಯ ಅಳತೆ ಬರೆದುಕೊಂಡು ಬಂದೆ.

ಈಗಲೂ ತಿಂಗಳಿಗೊಮ್ಮೆ ವಾಟ್ಸಾಪಿನಲ್ಲಿ ಅವರಿಂದ ನಾಲ್ಕು ಸಂಖ್ಯೆ ಬರುತ್ತವೆ. ನಾಲ್ಕು ಪಂಪು, ಅರ್ಧ ಗಂಟೆ ಬಿಟ್ಟ ಮೇಲೆ ಎಷ್ಟು ಹೊಡೆತಕ್ಕೆ ನೀರು ಬಂತು ಅಂತ. ಮೂರು, ನಾಲ್ಕು, ಮೂರು, ಎರಡು. ಒಂದು ಸಲ ಶಾಲೆ ಪಕ್ಕದ ಪಂಪಿಗೆ ಒಂಬತ್ತು ಅಂತ ಬಂತು. ಅಡಿಯ ವಾಲ್ವ್ ನೋಡಿ ಅಂತ ಬರೆಯೋಕೆ ಕನ್ನಡಕ ಹುಡುಕುತ್ತಿದ್ದೆ. ಅಷ್ಟರಲ್ಲಿ ಫೋಟೋ ಬಂತು. ಮಾವಿನ ಮರದ ಕೆಳಗೆ ಪೈಪುಗಳು ಸಾಲಾಗಿ ಮಲಗಿದ್ದವು, ಪ್ರತಿಯೊಂದಕ್ಕೂ ಹಗ್ಗ ಕಟ್ಟಿತ್ತು. ತೊತೊ ಕೈಯಲ್ಲಿ ಹರಿದ ವಾಷರ್ ಹಿಡಿದು ನಿಂತಿದ್ದರು.