ಹಾಲು ಸಾಲ್ತಿಲ್ಲ ಅನ್ನುವ ಮುಂಚೆ

ಹೆರಿಗೆ ವಾರ್ಡಿನಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದೆ. ಅಲ್ಲಿ ದಿನಾ ಕೇಳಿದ ಮಾತು ಒಂದೇ: ‘ಸಿಸ್ಟರ್, ಹಾಲು ಸಾಲ್ತಿಲ್ಲ.’ ಬಾಣಂತಿ ಹೇಳುತ್ತಿದ್ದಳು, ಅವಳ ಅಮ್ಮ ಹೇಳುತ್ತಿದ್ದರು, ಮಗು ನೋಡೋಕೆ ಬಂದ ಚಿಕ್ಕಮ್ಮನೂ ಹೇಳುತ್ತಿದ್ದರು. ನಾವು ಮಗುವಿನ ತಲೆ ಹಿಡಿದು ಎದೆಗೆ ಒತ್ತುತ್ತಿದ್ದೆವು. ಮಗು ಅತ್ತರೆ ಪುಡಿಹಾಲು. ಪಾಳಿಗೆ ಇಬ್ಬರೇ ನರ್ಸ್, ಕೂತು ನೋಡುವಷ್ಟು ಪುರುಸೊತ್ತು ಇರಲಿಲ್ಲ.

ನನ್ನ ಮೊದಲ ಮಗಳು ಹುಟ್ಟಿದಾಗ ನನಗೂ ಅದೇ ಆಯಿತು. ಸಿಸೇರಿಯನ್. ಎರಡನೇ ದಿನಕ್ಕೆ ತೊಟ್ಟು ಒಡೆದು ರಕ್ತ ಬಂತು. ಹಾಲೂಡಿಸುವ ಹೊತ್ತು ಬಂತೆಂದರೆ ಕಾಲ್ಬೆರಳು ಮಡಚಿ, ಹಲ್ಲು ಕಚ್ಚಿ ಕೂರುತ್ತಿದ್ದೆ. ‘ಮೊದಮೊದಲು ನೋವು ಇದ್ದೇ ಇರುತ್ತೆ’ ಅಂದರು. ಹೆರಿಗೆಯಾದ ಆಸ್ಪತ್ರೆಯಲ್ಲಿ ಬಾಟಲಿ ಕೈಗೆ ಕೊಟ್ಟು ಮನೆಗೆ ಕಳಿಸಿದರು. ಎರಡು ತಿಂಗಳಲ್ಲಿ ಎದೆಹಾಲು ನಿಂತೇ ಹೋಯಿತು. ಆ ಸಂಕಟ ವರ್ಷಗಟ್ಟಲೆ ಹೋಗಲಿಲ್ಲ.

ಅದಕ್ಕೇ ಐಬಿಸಿಎಲ್‌ಸಿ, ಅಂದರೆ ಎದೆಹಾಲೂಡಿಸಲು ನೆರವಾಗುವ ಸಲಹೆಗಾರರ ಅಂತರರಾಷ್ಟ್ರೀಯ ಪ್ರಮಾಣಪತ್ರದ ಪರೀಕ್ಷೆಗೆ ಕಟ್ಟಿದೆ. ಎದೆಹಾಲಿನ ಬಗ್ಗೆಯೇ 95 ಗಂಟೆ ಪಾಠ, ತಾಯಂದಿರ ಜೊತೆ 1,000 ಗಂಟೆ ಕೆಲಸ, ಆಮೇಲೆ ಪರೀಕ್ಷೆ. ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಓದಿದ್ದು ತುಂಬಾ ಇದೆ. ಆದರೆ ನನ್ನ ಕೆಲಸ ಬದಲಾಗಿದ್ದು ಒಂದು ಅಭ್ಯಾಸದಿಂದ: ಕೈ ಮಡಿಲಲ್ಲಿಟ್ಟುಕೊಂಡು, ಮಗು ಎದೆ ಬಿಡುವ ತನಕ ಸುಮ್ನೆ ನೋಡುವುದು.

ಕಳೆದ ಮಳೆಗಾಲದಲ್ಲಿ ದಾವಣಗೆರೆ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆ. ತವರುಮನೆ ಬಾಣಂತನ, ಮಗುವಿಗೆ ಏಳನೇ ದಿನ. ಹುಟ್ಟುವಾಗ 3.1 ಕೆಜಿ ಇದ್ದ ಮಗು ನನ್ನ ತಕ್ಕಡಿಯಲ್ಲಿ 2.74. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. 10 ಪರ್ಸೆಂಟ್ ದಾಟಿದರೆ ಸುಮ್ಮನಿರುವಂತಿಲ್ಲ. ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ ಎಂದೆ. ದಿನಕ್ಕೆ ಎಷ್ಟು ಬಟ್ಟೆ ಒದ್ದೆಯಾಗುತ್ತೆ ಎಂದು ಕೇಳಿದೆ. ಮೂರು ಅಂದರು. ಆ ವಯಸ್ಸಿಗೆ ಆರಾದರೂ ಆಗಬೇಕು.

ಕೋಣೆ ತುಂಬಾ ಸಾಂಬ್ರಾಣಿ ಹೊಗೆ. ಬಾಣಂತಿ ಹುಡುಗಿ ಬೆನ್ನು ಬಗ್ಗಿಸಿ ಎದೆಯನ್ನು ಮಗುವಿನ ಬಾಯಿಗೆ ತುರುಕುತ್ತಿದ್ದಳು. ಮಗುವಿನ ಹೊಟ್ಟೆ ಮೇಲಕ್ಕೆ, ಕತ್ತು ಮಾತ್ರ ಪಕ್ಕಕ್ಕೆ. ತೊಟ್ಟಿನ ತುದಿಯನ್ನಷ್ಟೇ ಚೀಪುತ್ತಿತ್ತು. ಬಾಯಿ ಬಿಟ್ಟಾಗ ತೊಟ್ಟು ಒಂದು ಕಡೆ ಚಪ್ಪಟೆಯಾಗಿ, ಬೆಳ್ಳಗಾಗಿತ್ತು.

ಪಕ್ಕದಲ್ಲಿದ್ದ ಅಜ್ಜಿಗೆ ಹೇಳಿದೆ, ‘ಅಜ್ಜಿ, ಕತ್ತು ಹೆಗಲ ಕಡೆ ತಿರುಗಿಸಿಕೊಂಡು ಒಂದು ಗುಟುಕು ನೀರು ಕುಡೀರಿ ನೋಡೋಣ.’ ಕುಡಿದರು. ‘ಇಳಿಯಲ್ಲವ್ವ’ ಅಂದರು. ಮಗುವಿಗೂ ಹಾಗೇ ಅಲ್ವಾ.

ಹುಡುಗಿಯನ್ನು ದಿಂಬಿಗೆ ಒರಗಿಸಿದೆ. ಮಗುವಿನ ಹೊಟ್ಟೆ ಅಮ್ಮನ ಹೊಟ್ಟೆಗೆ, ಮೂಗು ತೊಟ್ಟಿನ ಎದುರಿಗೆ. ಆಮೇಲೆ ಕಾದೆವು. ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆದ ಕೂಡಲೇ ಮಗುವನ್ನೇ ಎದೆಗೆ ತಂದೆವು, ಗದ್ದ ಮೊದಲು. ಕೆಳಗಿನ ಕಪ್ಪು ಭಾಗ ಹೆಚ್ಚುಕಡಿಮೆ ಪೂರ್ತಿ ಬಾಯೊಳಗೆ ಹೋಯಿತು. ಮೊದಲು ಪಟಪಟ ಚೀಪಿತು. ನಂತರ ಗದ್ದ ಉದ್ದಕ್ಕೆ ಇಳಿದು, ಒಂದು ಕ್ಷಣ ನಿಂತು, ‘ಕ್’ ಅಂತ ನುಂಗುವ ಸದ್ದು. ಮತ್ತೆ ‘ಕ್’. ಹುಡುಗಿ ನನ್ನ ಮುಖ ನೋಡಿ, ‘ಅಕ್ಕಾ, ನೋವಿಲ್ಲ’ ಅಂದಳು.

ಆ ವಾರ ಅದಷ್ಟೇ ಸಾಕಾಗುತ್ತಿರಲಿಲ್ಲ. ಪ್ರತಿ ಸಲ ಕುಡಿಸಿದ ಮೇಲೆ ಕೈಯಲ್ಲೇ ಹಾಲು ಹಿಂಡುವುದನ್ನು ಕಲಿಸಿದೆ. ಬಾಟಲಿ ಬೇಡ, ಚಮಚ ಸಾಕು ಎಂದಾಗ ಅಜ್ಜಿ ಪೆಟ್ಟಿಗೆಯಿಂದ ಹಳೇ ಒಳಲೆ ತೆಗೆದರು, ಮಗುವಿಗೆ ಹಾಲು ಹಾಕುವ ಮೂತಿಯ ಪುಟ್ಟ ಬಟ್ಟಲು. ಅದನ್ನೇ ಕುದಿಸಿ ಬಳಸಿದೆವು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಬೇಕು, ರಾತ್ರಿಯೂ ಬಿಡಬಾರದು. ಅಮ್ಮ ಮಲಗಲಿ ಅಂತ ಪ್ರೀತಿಯಿಂದ ರಾತ್ರಿ ಪುಡಿಹಾಲು ಕೊಡುವವರಿದ್ದಾರೆ. ಆದರೆ ಹಾಲು ಹೆಚ್ಚಿಸುವ ಹಾರ್ಮೋನು ಜಾಸ್ತಿ ಇರುವುದು ರಾತ್ರಿಯೇ. ಕುಡಿದಷ್ಟೂ ಹಾಲು ಊರುತ್ತದೆ.

ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆಗೆ ನಾನು ಬೇಡ ಅನ್ನುವುದಿಲ್ಲ. ಬಾಣಂತಿ ಹೊಟ್ಟೆತುಂಬಾ ಉಣ್ಣಲಿ. ನೀರು ಕೊಟ್ಟರೆ ಹೊಟ್ಟೆ ಬರುತ್ತೆ ಅಂತ ಬಾಯಾರಿಸುವುದನ್ನು ಮಾತ್ರ ಒಪ್ಪಲಾರೆ. ಮಗುವಿನ ನಾಲಿಗೆಗೆ ಜೇನುತುಪ್ಪವನ್ನೂ ಒಪ್ಪಲ್ಲ. ಒಂದು ವರ್ಷ ತುಂಬುವ ತನಕ ಜೇನು ಅಪಾಯ.

ನಿಜಕ್ಕೂ ಹಾಲು ಕಡಿಮೆ ಇರುವ ತಾಯಂದಿರೂ ಇದ್ದಾರೆ. ಎದೆಯ ಆಪರೇಷನ್ ಆದವರು, ಥೈರಾಯ್ಡ್ ತೊಂದರೆಯವರು, ಮಾಸಿನ ಚೂರು ಒಳಗೇ ಉಳಿದವರು. ಅವರಿಗೆ ಚಿಕಿತ್ಸೆ ಬೇಕು, ಕೆಲವೊಮ್ಮೆ ಪುಡಿಹಾಲೂ ಬೇಕು. ಅವರನ್ನು ‘ಪ್ರಯತ್ನ ಸಾಲದು’ ಎಂದು ಅಳಿಸಬಾರದು. ಆದರೆ ಪುಡಿಹಾಲು ಕಂಪನಿಯವರ ಕೈಯಿಂದ ನಾನು ಏನನ್ನೂ ತೆಗೆದುಕೊಳ್ಳುವುದಿಲ್ಲ. ಉಚಿತ ಸ್ಯಾಂಪಲ್, ಜಾಹೀರಾತು ಎರಡನ್ನೂ 1992ರ ಕಾನೂನೇ ನಿಷೇಧಿಸಿದೆ.

ಎಂಟು ದಿನ ಬಿಟ್ಟು ಅದೇ ಹಳ್ಳಿಗೆ ಮತ್ತೆ ಹೋದೆ. ತಕ್ಕಡಿ 2.98 ತೋರಿಸಿತು. ಅಜ್ಜಿ ನನ್ನನ್ನು ಬಾಗಿಲ ಹಿಂದಕ್ಕೆ ಕರೆದೊಯ್ದರು. ಗೋಡೆಯ ಮೇಲೆ ಇದ್ದಿಲಿನ ಗೆರೆಗಳು. ಒದ್ದೆ ಬಟ್ಟೆಗೊಂದು ಗೆರೆ, ದಿನಕ್ಕೊಂದು ಸಾಲು. ಮೊದಲ ಸಾಲಲ್ಲಿ ನಾಲ್ಕು. ಬೆರಳಿಟ್ಟು ಒಂದೊಂದೇ ಎಣಿಸುತ್ತಾ ಕೊನೆಯ ಸಾಲಿಗೆ ಬಂದರು. ನಿನ್ನೆಯದು ಎಂಟು.