ದಿನಬಳಕೆಯ ಲೆಕ್ಕಗಳನ್ನು ಅಸಮತೆಯಿಂದ ಬಿಡಿಸುವ ಬಗೆ

ಲಿಫ್ಟಿನೊಳಗೆ ‘8 ಜನ, 544 ಕೆ.ಜಿ.’ ಎಂಬ ಫಲಕವಿದೆಯೆಂದು ಎಂಟು ಜನ ಸೇರುವವರೆಗೆ ಯಾರೂ ಕಾಯುವುದಿಲ್ಲ. ಒಬ್ಬರಿಗೆ ಸರಾಸರಿ 68 ಕೆ.ಜಿ. ಎಂದು ಹಿಡಿದು ಮಾಡಿದ ಆ ಲೆಕ್ಕ ಹೇಳುವುದು ಒಂದು ಮಿತಿಯನ್ನೇ ಹೊರತು ಇಷ್ಟೇ ಜನ ಇರಬೇಕೆಂದಲ್ಲ. ಖರ್ಚು, ತೂಕ, ಸಮಯ, ಆಸನಗಳಿಗೆ ಸಂಬಂಧಿಸಿದ ನಮ್ಮ ಬಹುಪಾಲು ಲೆಕ್ಕಗಳು ಹೀಗೆ ಮಿತಿಯ ಲೆಕ್ಕಗಳಾಗಿರುವುದರಿಂದ ಅವುಗಳಿಗೆ ಸಮೀಕರಣಕ್ಕಿಂತ ಅಸಮತೆಯೇ, ಅಂದರೆ ಒಂದು ಬೆಲೆ ಇನ್ನೊಂದಕ್ಕಿಂತ ಕಡಿಮೆ ಅಥವಾ ಹೆಚ್ಚು ಎಂದು ಹೇಳುವ ಸಂಬಂಧವೇ, ಒಪ್ಪುತ್ತದೆ. ಸರಳ ಸಮೀಕರಣವನ್ನು ಬಿಡಿಸಬಲ್ಲ ಏಳನೆಯ ಅಥವಾ ಎಂಟನೆಯ ತರಗತಿಯ ವಿದ್ಯಾರ್ಥಿಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನಿಲ್ಲ: ಸರಿಯಾದ ಚಿಹ್ನೆಯನ್ನು ಆರಿಸುವುದು, ಅದು ಯಾವಾಗ ತಿರುಗುತ್ತದೆಂದು ತಿಳಿಯುವುದು, ಬಂದ ಉತ್ತರವನ್ನು ಸಂದರ್ಭಕ್ಕೆ ಹೊಂದಿಸಿ ಓದುವುದು.

ಮೊದಲು ಚಿಹ್ನೆ. < ಮತ್ತು > ಚಿಹ್ನೆಗಳು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಕೃತಿಯಲ್ಲಿ. ಅಡಿಯಲ್ಲಿ ಗೆರೆಯುಳ್ಳ ≤ ಮತ್ತು ≥ ಚಿಹ್ನೆಗಳು ಬಂದದ್ದು ಅದರ ನಂತರ. ಮಕ್ಕಳು ಮರೆಯುವುದೂ ಆ ಗೆರೆಯನ್ನೇ. ‘ಗರಿಷ್ಠ’, ‘ಮೀರಬಾರದು’ ಎಂದಿದ್ದರೆ ≤ ಬರೆಯಬೇಕು. ‘ಕನಿಷ್ಠ’, ‘ಕಡಿಮೆಯಾಗಬಾರದು’ ಎಂದಿದ್ದರೆ ≥ ಬರೆಯಬೇಕು. ‘ಕಡಿಮೆ’ ಎಂಬ ಪದ ಕಣ್ಣಿಗೆ ಬಿದ್ದೊಡನೆ < ಹಾಕಿಬಿಡುವುದು ತೀರ ಸಾಮಾನ್ಯವಾದ ತಪ್ಪು. ಸಂದೇಹ ಬಂದಾಗ ಗಡಿಯ ಸಂಖ್ಯೆಯನ್ನೇ ಹಿಡಿದು, ಅದಕ್ಕೆ ಅನುಮತಿ ಇದೆಯೇ ಎಂದು ಕೇಳಿಕೊಳ್ಳಬೇಕು. ಇದ್ದರೆ ಗೆರೆ ಬೇಕು, ಇಲ್ಲದಿದ್ದರೆ ಬೇಡ.

ಈಗ ಒಂದು ಲೆಕ್ಕವನ್ನು ಪೂರ್ತಿಯಾಗಿ ನೋಡೋಣ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಬ್ಯಾಗಿನ ತೂಕ ವಿದ್ಯಾರ್ಥಿಯ ದೇಹತೂಕದ ಶೇ. 10ನ್ನು ಮೀರಬಾರದು. ವಿದ್ಯಾರ್ಥಿಯ ತೂಕ 38 ಕೆ.ಜಿ. ಇದ್ದರೆ ಮಿತಿ 3.8 ಕೆ.ಜಿ. ಖಾಲಿ ಬ್ಯಾಗು, ಊಟದ ಡಬ್ಬಿ ಎಲ್ಲ ಸೇರಿ 1.1 ಕೆ.ಜಿ. ಎಂದೂ, ಪ್ರತಿ ಪುಸ್ತಕ 0.4 ಕೆ.ಜಿ. ಎಂದೂ ಇಟ್ಟುಕೊಳ್ಳೋಣ. ಪುಸ್ತಕಗಳ ಸಂಖ್ಯೆಯನ್ನು ‘ಪ’ ಎಂದು ಕರೆದರೆ ಅಸಮತೆ ಹೀಗಾಗುತ್ತದೆ:

1.1 + 0.4ಪ ≤ 3.8
0.4ಪ ≤ 2.7
ಪ ≤ 6.75

ಇಲ್ಲಿಯವರೆಗೆ ಎಲ್ಲವೂ ಸಮೀಕರಣದಂತೆಯೇ ನಡೆಯಿತು. ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. 6.75ನ್ನು ರೂಢಿಯಂತೆ ಅಂದಾಜಿಸಿ 7 ಎಂದು ಬರೆದರೆ ಬ್ಯಾಗಿನ ತೂಕ 3.9 ಕೆ.ಜಿ. ಆಗಿ ಮಿತಿ ದಾಟುತ್ತದೆ. ಆದ್ದರಿಂದ ಹೆಚ್ಚೆಂದರೆ 6 ಪುಸ್ತಕಗಳು. ನಿಜವಾದ ಪರಿಹಾರ 6 ಎಂಬ ಒಂದೇ ಸಂಖ್ಯೆಯೂ ಅಲ್ಲ. 0ಯಿಂದ 6ರವರೆಗಿನ ಯಾವ ಪೂರ್ಣಸಂಖ್ಯೆಯಾದರೂ ಸರಿ. ಸಂಖ್ಯಾರೇಖೆಯ ಮೇಲೆ ಇದನ್ನು ಬಿಡಿಬಿಡಿ ಏಳು ಚುಕ್ಕೆಗಳಾಗಿ ಗುರುತಿಸಬೇಕೇ ಹೊರತು ದಪ್ಪಗೆರೆಯಾಗಿ ಎಳೆಯಬಾರದು, ಏಕೆಂದರೆ ಅರ್ಧ ಪುಸ್ತಕವನ್ನು ಯಾರೂ ಒಯ್ಯುವುದಿಲ್ಲ.

‘ಕನಿಷ್ಠ’ದ ಲೆಕ್ಕದಲ್ಲಿ ಇದು ತಿರುವುಮುರುವು. 150 ಜನರ ಶಾಲಾ ಪ್ರವಾಸಕ್ಕೆ 48 ಆಸನಗಳ ಬಸ್ಸುಗಳು ಎಷ್ಟು ಬೇಕೆಂದು ಕೇಳಿದರೆ 48ಬ ≥ 150, ಅಂದರೆ ಬ ≥ 3.125 ಎಂದಾಗುತ್ತದೆ. ಮೂರೇ ಬಸ್ಸು ಹೇಳಿದರೆ ಆರು ಜನ ಗೇಟಿನಲ್ಲೇ ಉಳಿಯುತ್ತಾರೆ, ನಾಲ್ಕು ಬೇಕು.

ಚಿಹ್ನೆ ತಿರುಗುವ ಪ್ರಸಂಗ ಬರುವುದು ಇರುವ ಮೊತ್ತದಿಂದ ಕಳೆಯುವಾಗ. ಕೈಯಲ್ಲಿ 500 ರೂಪಾಯಿ ಇದೆ, ನೋಟ್‌ಬುಕ್ ಒಂದಕ್ಕೆ 35 ರೂಪಾಯಿ, ಬಸ್ಸಿಗೆಂದು ಕನಿಷ್ಠ 120 ರೂಪಾಯಿ ಉಳಿಯಬೇಕು.

500 − 35ನ ≥ 120
−35ನ ≥ −380

ಈಗ ಎರಡೂ ಬದಿಯನ್ನು −35ರಿಂದ ಭಾಗಿಸಿದಾಗ ≥ ಎಂಬುದು ≤ ಆಗುತ್ತದೆ. ನ ≤ 10.85… ಎಂದು ಸಿಗುತ್ತದೆ, ಅಂದರೆ 10 ನೋಟ್‌ಬುಕ್ಕುಗಳು. 3 ಎಂಬುದು 5ಕ್ಕಿಂತ ಚಿಕ್ಕದು, ಆದರೆ −3 ಎಂಬುದು −5ಕ್ಕಿಂತ ದೊಡ್ಡದು. ಋಣಸಂಖ್ಯೆಯಿಂದ ಗುಣಿಸಿದಾಗ ಅಥವಾ ಭಾಗಿಸಿದಾಗ ಸಂಖ್ಯಾರೇಖೆಯ ಎಡಬಲಗಳು ಅದಲುಬದಲಾಗುವುದೇ ಇದಕ್ಕೆ ಕಾರಣ. ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಗಡಿಯ ಎರಡೂ ಬದಿಯ ಸಂಖ್ಯೆಗಳನ್ನು ಹಾಕಿ ನೋಡುವ ಅಭ್ಯಾಸ ಮಾಡಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ: 10 ಕೊಂಡರೆ 150 ರೂಪಾಯಿ ಉಳಿಯುತ್ತದೆ, 11 ಕೊಂಡರೆ ಉಳಿಯುವುದು 115 ಮಾತ್ರ.

ಎರಡು ದರಗಳನ್ನು ಹೋಲಿಸುವಾಗ ಚರಾಕ್ಷರ (ಗೊತ್ತಿಲ್ಲದ ಸಂಖ್ಯೆಗೆ ಇಟ್ಟ ಅಕ್ಷರ) ಎರಡೂ ಬದಿಗೆ ಬರುತ್ತದೆ. ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಗೆ ಒಂದು ಮುದ್ರಣಾಲಯ ವಿನ್ಯಾಸಕ್ಕೆ 600 ರೂಪಾಯಿ, ಮೇಲೆ ಪ್ರತಿಯೊಂದಕ್ಕೆ 4 ರೂಪಾಯಿ ಕೇಳುತ್ತದೆ. ಇನ್ನೊಂದು ವಿನ್ಯಾಸಕ್ಕೆ ಏನೂ ಕೇಳದೆ ಪ್ರತಿಯೊಂದಕ್ಕೆ 7 ರೂಪಾಯಿ ಹೇಳುತ್ತದೆ. ಈ ಸಲ ಪ್ರತಿಗಳ ಸಂಖ್ಯೆಯನ್ನು ‘ಪ’ ಎಂದು ಕರೆದರೆ, ಮೊದಲನೆಯದು ಅಗ್ಗವಾಗಲು 600 + 4ಪ < 7ಪ ಆಗಬೇಕು, ಅಂದರೆ ಪ > 200. ಇಲ್ಲಿ ಚಿಹ್ನೆಯಡಿ ಗೆರೆಯಿಲ್ಲ, ಏಕೆಂದರೆ ಸರಿಯಾಗಿ 200 ಪ್ರತಿಗಳಿಗೆ ಎರಡೂ ಕಡೆ 1400 ರೂಪಾಯಿಯೇ ಆಗುತ್ತದೆ. ಪ್ರತಿಗಳು ಎಷ್ಟೆಂದು ಇನ್ನೂ ಖಚಿತವಾಗದೆ, 160 ಮತ್ತು 190ರ ನಡುವೆ ಎಂದಷ್ಟೇ ಗೊತ್ತಿದ್ದರೂ, ಎರಡನೆಯ ಮುದ್ರಣಾಲಯಕ್ಕೆ ಇಂದೇ ಒಪ್ಪಿಗೆ ಹೇಳಬಹುದು.